ಏನೇ ಜಗನ್ಮೋಹಿನಿ!

(ಮಣಲಿಯಲ್ಲಿ ನಡೆದ ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವೇದಿಕೆಯ ಅಕ್ಕ ಫೋನ್ ಮಾಡಿ, "ಚಿತ್ರರಂಗದ ಒಬ್ಬ ಮಹಿಳೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಮ್ಮ, ಹೇಗೂ ನಿನಗೆ ಹಳೇ ಸಿನಿಮಾ ಹುಚ್ಚಿದೆಯಲ್ಲ" ಎಂದಾಗ ತಕ್ಷಣ ಒಪ್ಪಿಕೊಂಡೆ. "ಯಾರ ಬಗ್ಗೆ? ಕಲ್ಪನಾ ತಾನೆ? ಇನ್ವಿಟೇಶನ್‌ನಲ್ಲಿ ಫೋಟೋ ಹಾಕಬೇಕು" ಎಂದರು. "ಹರಿಣಿ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹಾಡ್ತಾರಲ್ಲ, ಅವರಾ?" ಎಂದು ಕೇಳಿದರು. ಚೆನ್ನೈಯಲ್ಲಿರುವ ನಮಗೆ ಹರಿಣಿ ಎಂದರೆ ತಮಿಳು ಸಿನಿಮಾಗಳಲ್ಲಿ ಹಾಡುವ ಹರಿಣಿಯವರೇ ನೆನಪಾಗುತ್ತಾರೆ. ಅದು ಅಕ್ಕನ ತಪ್ಪಲ್ಲ. ಆರು ತಿಂಗಳ ಹಿಂದೆ ನನ್ನನ್ನು ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

ಇದು ಎಲ್ಲಿಂದ ಶುರುವಾಯಿತು ಎಂದು ಮೊದಲು ಹೇಳುತ್ತೇನೆ. ಸ್ವಲ್ಪ ಸುತ್ತು ಬಳಸಿ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ಅಜ್ಜಿಯ ಊರು ದಾವಣಗೆರೆಯ ಹತ್ತಿರದ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ರಜೆಗೆ ಅಲ್ಲಿಗೆ ಹೋಗುತ್ತಿದ್ದೆ. ಕನ್ನಡಿಯ ಮುಂದೆ ಎರಡು ನಿಮಿಷ ಜಾಸ್ತಿ ನಿಂತರೆ ಸಾಕು, ಅಜ್ಜಿ ಅಡುಗೆಮನೆಯಿಂದಲೇ ಕೂಗುತ್ತಿದ್ದರು: "ಏನೇ ಜಗನ್ಮೋಹಿನಿ, ಸಾಕು ಬಾರೇ!" ಚಿಕ್ಕಮ್ಮ ಹೊಸ ಸೀರೆ ಉಟ್ಟು ಹೊರಟರೂ ಅದೇ ಮಾತು. ಎದುರುಮನೆಯ ಹುಡುಗಿ ಕಾಲೇಜಿಗೆ ಚೂಡಿದಾರ್ ಹಾಕಿಕೊಂಡು ಹೋದ ಮೊದಲ ದಿನವೂ ಅದೇ. ಅದು ಬೈಗುಳವೋ ಮೆಚ್ಚುಗೆಯೋ ನಮಗೆ ತಿಳಿಯುತ್ತಿರಲಿಲ್ಲ. ಅಜ್ಜಿಯ ಮುಖ ನೋಡಿ ಅಂದಾಜು ಮಾಡಿಕೊಳ್ಳಬೇಕಿತ್ತು.

ಜಗನ್ಮೋಹಿನಿ ಎನ್ನುವುದು ಒಂದು ಸಿನಿಮಾದ ಹೆಸರು ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಎಂಟೆಕ್ ಮುಗಿಸಿ ಕೆಲಸಕ್ಕೆ ಸೇರುವ ಮುಂಚೆ ಅಜ್ಜಿಯ ಜೊತೆ ಒಂದು ವಾರ ಇದ್ದೆ. ಆಗ ಕೇಳಿದೆ: "ಅಜ್ಜಿ, ಆ ಸಿನಿಮಾ ನೋಡಿದ್ದಿಯಾ?"

"ನಾ ಎಲ್ಲಿ ನೋಡ್ಲವ್ವಾ. ಆಗಿನ್ನೂ ಲಗ್ನ ಆಗಿ ಬಂದ ವರ್ಷ. ಗಂಡಸ್ರೆಲ್ಲ ಗಾಡಿ ಕಟ್ಟಿಕೊಂಡು ದಾವಣಗೆರೆಗೆ ಹೋಗಿ ನೋಡಿ ಬಂದ್ರು. ನಿಮ್ಮಜ್ಜ ಎರಡು ಸಲ ಹೋಗಿದ್ದ. ಹೆಣ್ಮಕ್ಕಳು ನೋಡೋ ಸಿನಿಮಾ ಅಲ್ಲ ಅಂದ್ರು. ಮೈದುನ ಇನ್ನೂ ಸಣ್ಣಾಂವ, ಅವನೇ ರಾತ್ರಿ ಜಗಲಿ ಮ್ಯಾಲೆ ಕೂತು ನನಗೆ, ನಮ್ಮತ್ತೆಗೆ ಎಲ್ಲಾ ಕತೆ ಹೇಳಿದ. ಹೇಳಬಾರದ್ದು ಮಾತ್ರ ಬಿಟ್ಟು ಹೇಳಿದ."

ಹೇಳಬಾರದ್ದು ಏನು ಎಂದು ಕೇಳಿದ್ದಕ್ಕೆ ಅಜ್ಜಿ ನಕ್ಕು, "ಅದರಾಗೆ ಒಬ್ಬ ಹುಡುಗಿ ಅರ್ಧಂಬರ್ಧ ಬಟ್ಟೆ ಹಾಕ್ಕಂಡು ನೀರಿಗಿಳೀತಾಳಂತೆ" ಎಂದರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, "ನೋಡಿ ಬಂದ ಮ್ಯಾಲೆ ನಿಮ್ಮಜ್ಜ ನನಗೆ ತಲೆ ಮ್ಯಾಲಿನ ಸೆರಗು ಇನ್ನಷ್ಟು ಮುಂದೆ ಎಳ್ಕೋ ಅಂದಿದ್ದ" ಎಂದರು.

ಅಜ್ಜಿ ಈಗಿಲ್ಲ. ಅವರು ನೋಡದ ಆ ಸಿನಿಮಾದ ಹುಡುಗಿಯೇ ಹರಿಣಿ.

ನಾನು ಕಂಪನಿಯಲ್ಲಿ ಮಾಡುವುದು ಡೇಟಾಬೇಸ್ ಕೆಲಸ. ಬೆಳಗ್ಗೆ ಮಣಲಿಯಿಂದ ಓಎಂಆರ್‌ಗೆ ಒಂದೂವರೆ ಗಂಟೆ, ಸಂಜೆ ಅದಕ್ಕಿಂತ ಜಾಸ್ತಿ. ಮಾಧವರಂ ದಾಟುವಷ್ಟರಲ್ಲಿ ನನ್ನ ಹಳೇ ಸಿನಿಮಾ ಶುರುವಾಗಿರುತ್ತದೆ. ಫೋನಿನಲ್ಲಿ ಹರಿಣಿಯವರ ಬಗ್ಗೆ ಹುಡುಕಿದೆ. ಎಲ್ಲಿ ಹುಡುಕಿದರೂ ಸಿಕ್ಕಿದ್ದು ಒಂದೇ ಸಾಲು: ಕನ್ನಡ ಚಿತ್ರದಲ್ಲಿ ಈಜುಡುಗೆ ತೊಟ್ಟ ಮೊದಲ ನಟಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿರುತ್ತಾರೆ ಎಂದು ಗೊತ್ತು, ನಮ್ಮ ಕೆಲಸದಲ್ಲಿ ದಿನವೂ ನೋಡುತ್ತೇವೆ. ಆದರೂ ಇಷ್ಟು ವರ್ಷ ಕ್ಯಾಮೆರಾ ಮುಂದೆ ನಿಂತ ಒಬ್ಬ ಹೆಂಗಸಿನ ಹೆಸರಿನ ಮುಂದೆ ಒಂದೇ ಕಾಲಂ ತುಂಬಿದ್ದರೆ, ಅದರಲ್ಲೂ ಬಟ್ಟೆಯ ಅಳತೆಯೊಂದೇ ಇದ್ದರೆ, ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಅದೇ ವರ್ಷ, 1951ರಲ್ಲೇ, ಹಿಂದಿಯಲ್ಲಿ 'ಆವಾರಾ' ಬಂತು. ಅದರಲ್ಲಿ ನರ್ಗಿಸ್ ಕೂಡ ಈಜುಡುಗೆ ತೊಟ್ಟಿದ್ದಾರೆ. ಆದರೆ ನರ್ಗಿಸ್ ಎಂದ ಕೂಡಲೇ ನಮಗೆ 'ಮದರ್ ಇಂಡಿಯಾ'ದ ಆ ನೇಗಿಲು ನೆನಪಾಗುತ್ತದೆಯೇ ಹೊರತು ಈಜುಡುಗೆ ನೆನಪಾಗುವುದಿಲ್ಲ. ಅವರ ಬಗ್ಗೆ ಬರೆದವರು ಅಷ್ಟು ಜನ ಇದ್ದರು. ನಮ್ಮವರ ಬಗ್ಗೆ ಬರೆದವರು ಕಡಿಮೆ.

ಈಗ ಆ ಸಿನಿಮಾಕ್ಕೆ ಬರೋಣ. 'ಜಗನ್ಮೋಹಿನಿ' ಮೈಸೂರಿನ ಮಹಾತ್ಮ ಪಿಕ್ಚರ್ಸ್ ತೆಗೆದದ್ದು. ಆ ಸಂಸ್ಥೆಯ ಕತೆಯೇ ಒಂದು ಸಿನಿಮಾದಂತಿದೆ. ಉಡುಪಿ ಹತ್ತಿರದ ಉದ್ಯಾವರದ ಬಿ. ವಿಠಲಾಚಾರ್ಯ ಎಂಬ ಹುಡುಗ ಅರಸೀಕೆರೆಗೆ ಬಂದು ಹೋಟೆಲ್ ನಡೆಸುತ್ತಾನೆ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಹಾಸನದ ಜೈಲು ಸೇರುತ್ತಾನೆ. ಅಲ್ಲಿ ಡಿ. ಶಂಕರ್ ಸಿಂಗ್ ಜೊತೆಗಾರರು. ಹೊರಗೆ ಬಂದ ಮೇಲೆ ಗೆಳೆಯರೆಲ್ಲ ಸೇರಿ ಟೂರಿಂಗ್ ಟಾಕೀಸ್ ನಡೆಸಿದರು, ಆಮೇಲೆ ಮೈಸೂರಿನಲ್ಲಿ ಕಂಪನಿ ಕಟ್ಟಿ ಅದಕ್ಕೆ ಮಹಾತ್ಮನ ಹೆಸರಿಟ್ಟರು. ಆ ಹೆಸರಿನ ಕಂಪನಿಯಿಂದಲೇ ಈಜುಡುಗೆಯ ಸಿನಿಮಾ ಬಂದದ್ದು ನನಗೆ ತಮಾಷೆಯಾಗಿ ಕಾಣುತ್ತದೆ.

ಆದರೆ ಅವರ ಲೆಕ್ಕಾಚಾರ ಬಹಳ ಸರಿಯಾಗಿತ್ತು. ಡೇರೆ ಹಾಕಿ ಊರೂರಿಗೆ ಸಿನಿಮಾ ತೋರಿಸಿದವರಿಗೆ ನೆಲದ ಮೇಲೆ ಕೂತು ನೋಡುವ ಜನಕ್ಕೆ ಏನು ಬೇಕು ಎಂದು ಗೊತ್ತಿರುತ್ತದೆ. ಆಗ ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು. 1934ರ 'ಸತಿ ಸುಲೋಚನಾ'ದಿಂದ ಹಿಡಿದು ಹೆಚ್ಚಿನವು ನಾಟಕದ ಕಂಪನಿಗಳಿಂದ ಬಂದ ಪೌರಾಣಿಕಗಳು. ಮಹಾತ್ಮ ಪಿಕ್ಚರ್ಸ್‌ನವರು ಪುರಾಣದ ಪಕ್ಕದ ಬಾಗಿಲು ತೆಗೆದರು: ಅಜ್ಜಿ ಕತೆ, ಮಾಟ, ನಾಗಕನ್ಯೆ, ಮೋಹಿನಿ. 1949ರಲ್ಲಿ 'ನಾಗಕನ್ನಿಕಾ', ಎರಡು ವರ್ಷಕ್ಕೆ 'ಜಗನ್ಮೋಹಿನಿ'. ನಿರ್ದೇಶನ ಶಂಕರ್ ಸಿಂಗ್ ಅವರದೇ. ಕನ್ನಡದಲ್ಲಿ ನೂರು ದಿನ ಓಡಿದ ಮೊದಲ ಚಿತ್ರ ಎಂದು ಇದನ್ನು ಇವತ್ತಿಗೂ ಹೇಳುತ್ತಾರೆ. ದಾವಣಗೆರೆ ಕಡೆಯ ಹಳ್ಳಿಗರು ಮನೆ ಸಾಮಾನು, ದನಕರು ಮಾರಿ ಮತ್ತೆ ಮತ್ತೆ ನೋಡಿದರು ಎಂಬ ಮಾತೂ ಚಿತ್ರರಂಗದಲ್ಲಿ ಉಳಿದುಕೊಂಡಿದೆ. ದನ ಮಾರಿದ್ದು ನನಗೆ ಗೊತ್ತಿಲ್ಲ. ನಮ್ಮಜ್ಜ ಎರಡು ಸಲ ಹೋಗಿದ್ದಂತೂ ಗೊತ್ತು.

ಇಂಥ ಸಿನಿಮಾಗಳಲ್ಲಿ ಹೆಣ್ಣಿನ ಕೆಲಸ ಏನಿತ್ತು ಎಂದು ನಾವು ಯೋಚಿಸುವುದಿಲ್ಲ. ಮೈ ತೋರಿಸಿದಳು ಎಂದು ಮುಗಿಸಿಬಿಡುತ್ತೇವೆ. ಈಗಿನ ಹಾಗೆ ಆಗ ಗ್ರಾಫಿಕ್ಸ್ ಇಲ್ಲ. ಮಾಯಾಮಂತ್ರವೆಲ್ಲ ಕ್ಯಾಮೆರಾದೊಳಗೇ ಆಗಬೇಕು. ಮೋಹಿನಿ ಮಾಯವಾಗಬೇಕಾದರೆ ಕ್ಯಾಮೆರಾ ನಿಲ್ಲಿಸುತ್ತಾರೆ. ಚೌಕಟ್ಟಿನಲ್ಲಿ ಉಳಿದವರೆಲ್ಲ ಎತ್ತಿದ ಕೈ ಎತ್ತಿದಂತೆ, ತೆರೆದ ಬಾಯಿ ತೆರೆದಂತೆ ಕಲ್ಲಾಗಿ ನಿಲ್ಲಬೇಕು. ನಟಿ ಆಚೆ ಸರಿದ ಮೇಲೆ ಮತ್ತೆ ಕ್ಯಾಮೆರಾ ಓಡಬೇಕು. ಯಾರಾದರೂ ಅಲುಗಾಡಿದರೆ ಫಿಲ್ಮ್ ದಂಡ. ದೆವ್ವ ಗೋಡೆಯ ಆಚೆ ಕಾಣುವಷ್ಟು ತೆಳ್ಳಗೆ ಬರಬೇಕಾದರೆ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಇನ್ನೊಂದು ಸಲ ಅದರ ಮೇಲೆಯೇ ಚಿತ್ರೀಕರಿಸಬೇಕು. ನಟಿ ಆಗ ಅಲ್ಲಿ ಇಲ್ಲದ ನಾಯಕನನ್ನು ನೋಡಿ ನಗಬೇಕು, ಬರೀ ಗಾಳಿಯ ಕಡೆ ಕೈ ಚಾಚಬೇಕು, ಸರಿಯಾಗಿ ಅವನ ಕಣ್ಣಿನ ಎತ್ತರಕ್ಕೇ ದೃಷ್ಟಿ ನೆಡಬೇಕು. ಮೇಲಿಂದ ಸುಡುವ ದೀಪಗಳು, ಮುಖಕ್ಕೆ ದಪ್ಪ ಬಣ್ಣ, ಜರಿಯ ಬಟ್ಟೆ. ಇದೆಲ್ಲ ಆದ ಮೇಲೂ ನೋಡುವವರು ನೋಡುವುದು ಬಟ್ಟೆಯನ್ನೇ.

'ಜಗನ್ಮೋಹಿನಿ'ಯಲ್ಲಿ ಇನ್ನೊಬ್ಬ ನಟಿಯೂ ಇದ್ದರು, ಪ್ರತಿಮಾ ದೇವಿ. ಅವರೂ ಕರಾವಳಿಯವರೇ. ಅವರ ಹುಟ್ಟು ಹೆಸರು ಮೋಹಿನಿ! 1947ರ 'ಕೃಷ್ಣಲೀಲಾ'ದಿಂದ ಬಣ್ಣ ಹಚ್ಚಿದವರು. ಶಂಕರ್ ಸಿಂಗ್ ಅವರನ್ನು ಮದುವೆಯಾದರು, ಮಕ್ಕಳನ್ನು ಸಾಕಿದರು, ಜೊತೆಗೆ ಸಂಸ್ಥೆಯ ಚಿತ್ರಗಳಲ್ಲಿ ಒಂದರ ಮೇಲೊಂದು ನಟಿಸಿದರು: 'ದಳ್ಳಾಳಿ', 'ಚಂಚಲ ಕುಮಾರಿ', 'ಮಂಗಳಸೂತ್ರ', 'ಧರ್ಮಸ್ಥಳ ಮಹಾತ್ಮೆ'. ಅವರ ಮಗನೇ 'ಬಂಧನ', 'ಮುತ್ತಿನಹಾರ' ಮಾಡಿದ ರಾಜೇಂದ್ರ ಸಿಂಗ್ ಬಾಬು. ಮಗಳು ನಟಿ, ನಿರ್ದೇಶಕಿ ವಿಜಯಲಕ್ಷ್ಮಿ ಸಿಂಗ್. ಬಾಬು ಅವರ ಮೊದಲ ನಿರ್ದೇಶನ 1975ರ 'ನಾಗಕನ್ಯೆ', ವಿಷ್ಣುವರ್ಧನ್ ನಾಯಕ. ಅಪ್ಪನ ಕಂಪನಿಯ ನಾಗಕನ್ನಿಕೆ ಮಗನ ಕಾಲಕ್ಕೂ ಹೆಡೆ ಎತ್ತಿದಳು ನೋಡಿ. ಪ್ರತಿಮಾ ದೇವಿಯವರು 2005ರ 'ರಾಮ ಶಾಮ ಭಾಮ'ದಲ್ಲೂ ಕಾಣಿಸಿಕೊಂಡರು. 2021ರ ಏಪ್ರಿಲ್‌ನಲ್ಲಿ, ಕೊರೊನಾದ ಎರಡನೇ ಅಲೆ ಏಳುತ್ತಿದ್ದ ದಿನಗಳಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಸುದ್ದಿ ನಾನೂ ಓದಿದ್ದೆ. "ಓ, ಬಾಬು ಅವರ ತಾಯಿ" ಎಂದುಕೊಂಡು ಫೋನಿನಲ್ಲಿ ಮುಂದಕ್ಕೆ ಸರಿದಿದ್ದೆ. ನಮ್ಮಜ್ಜ ಗಾಡಿ ಕಟ್ಟಿಕೊಂಡು ಹೋಗಿ ನೋಡಿದ ಚಿತ್ರದ ನಟಿ ಇವರೇ ಎಂದು ಆಗ ತಿಳಿಯಲಿಲ್ಲ.

ನನಗೆ ಒಂದು ಅನುಮಾನ. ಪ್ರತಿಮಾ ದೇವಿಯವರಿಗೆ ಸುತ್ತಲೂ ಮನೆ, ಸಂಸ್ಥೆ, ಮಕ್ಕಳು ಎಂಬ ಬೇಲಿ ಇತ್ತು. ಹಾಗಾಗಿ ಅದೇ ಚಿತ್ರದಲ್ಲಿ ನಟಿಸಿದ್ದರೂ ಅವರು 'ಹಿರಿಯ ಕಲಾವಿದೆ' ಆದರು, ಸರ್ಕಾರದ ಪ್ರಶಸ್ತಿಯೂ ಬಂತು. ನಾನು ಅವರನ್ನು ಕಡಿಮೆ ಮಾಡಿ ಹೇಳುತ್ತಿಲ್ಲ, ಅವರ ದುಡಿಮೆ ದೊಡ್ಡದು. ಆದರೆ ಹರಿಣಿಯವರ ಹೆಸರಿಗೆ ಈಜುಡುಗೆಯೇ ಅಂಟಿಕೊಂಡಿತು.

ಇಲ್ಲಿ ಒಂದು ನಿಮಿಷ ಮದರಾಸಿಗೆ ಬರಬೇಕು, ಏಕೆಂದರೆ ಈ ಮೋಹಿನಿ ನಮ್ಮ ಊರಿಗೂ ಬಂದಿದ್ದಾಳೆ.

ಮೊದಲು ಹೇಳಿದೆನಲ್ಲ, ಅರಸೀಕೆರೆಯ ಹೋಟೆಲಿನ ವಿಠಲಾಚಾರ್ಯ, ಅವರು ಶಂಕರ್ ಸಿಂಗ್ ಅವರಿಂದ ಬೇರೆಯಾಗಿ ಸ್ವಂತ ಸಂಸ್ಥೆ ಮಾಡಿದರು. 1954ರ 'ಕನ್ಯಾದಾನ', 1958ರ 'ಮನೆ ತುಂಬಿದ ಹೆಣ್ಣು' ಎಂದು ಕನ್ನಡದಲ್ಲಿ ಸಂಸಾರದ ಚಿತ್ರಗಳನ್ನು ತೆಗೆದು, ಮದರಾಸಿಗೆ ಬಂದು ತೆಲುಗಿನಲ್ಲಿ ನೆಲೆ ನಿಂತರು. ಆಂಧ್ರದಲ್ಲಿ ಅವರಿಗೆ 'ಜಾನಪದ ಬ್ರಹ್ಮ' ಎಂದೇ ಬಿರುದು. ಕಾಂತಾರಾವ್, ಎನ್‌ಟಿಆರ್ ಇಬ್ಬರೂ ಅವರ ಚಿತ್ರಗಳಲ್ಲಿ ಕತ್ತಿ ಹಿಡಿದವರು. 1978ರಲ್ಲಿ ಅವರು ಹಳೆಯ ಹೆಸರನ್ನೇ ಮತ್ತೆ ತೆಗೆದುಕೊಂಡು ತೆಲುಗಿನಲ್ಲಿ 'ಜಗನ್ಮೋಹಿನಿ' ಮಾಡಿದರು. ಈ ಸಲದ ಮೋಹಿನಿ ಜಯಮಾಲಿನಿ. ಜ್ಯೋತಿಲಕ್ಷ್ಮಿಯವರ ತಂಗಿ, ನೂರಾರು ಚಿತ್ರಗಳಲ್ಲಿ ಒಂದು ಹಾಡಿಗೆ ಕುಣಿದು ಹೋಗುತ್ತಿದ್ದವರು. ಇದರಲ್ಲಿ ಮಾತ್ರ ಇಡೀ ಸಿನಿಮಾವೇ ಅವರದು.

ನಮ್ಮ ಮನೆಯ ಪಕ್ಕದ ತಮಿಳು ಅಕ್ಕ, ಮಣಲಿಯಲ್ಲೇ ಹುಟ್ಟಿ ಬೆಳೆದವರು, ತಮಿಳಿಗೆ ಡಬ್ ಆದ ಆ ಚಿತ್ರವನ್ನು ಹುಡುಗಿಯಾಗಿದ್ದಾಗ ನೋಡಿದ್ದಾರೆ. ನಾನು ಹೆಸರು ಹೇಳಿದ ಕೂಡಲೇ, ಹಿಡಿದಿದ್ದ ಕಾಫಿ ಲೋಟ ಕೆಳಗಿಟ್ಟು, "ಅಯ್ಯೋ, ಒಲೆಯೊಳಗೆ ಕಾಲು!" ಎಂದರು. ದೆವ್ವ ಸೊಸೆಯ ವೇಷದಲ್ಲಿ ಮನೆ ಸೇರುತ್ತದೆ. ಅಡುಗೆ ಮಾಡು ಎಂದರೆ ಸೌದೆಯ ಬದಲು ತನ್ನ ಕಾಲನ್ನೇ ಒಲೆಗೆ ಚಾಚಿ, ಅದು ಉರಿಯುತ್ತಿದ್ದಂತೆ ಆರಾಮವಾಗಿ ಅಡುಗೆ ಮಾಡುತ್ತದೆ. ತಿಂಗಳುಗಟ್ಟಲೆ ತಮ್ಮ ಮನೆಯ ಒಲೆ ಹಚ್ಚಲು ಹೆದರಿದೆ ಎಂದರು. ಆಮೇಲೆ, "ಈಗ ಹೆದರಿಕೆ ಇಲ್ಲಮ್ಮ. ಮದುವೆಯಾಗಿ ನಲವತ್ತು ವರ್ಷ ಆಯ್ತು, ನಾನೂ ಕಾಲು ಇಟ್ಟೇ ಬೇಯಿಸಿದ್ದೇನೆ" ಎಂದು ನಕ್ಕರು.

ಇಲ್ಲೂ ನೀವೆಲ್ಲ ನಗುತ್ತಿದ್ದೀರಿ. ಬೆಳಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ ಆಫೀಸ್ ವ್ಯಾನ್ ಹಿಡಿಯುವವರಿಗೆ ಆ ದೃಶ್ಯ ಬೇಗ ಅರ್ಥವಾಗುತ್ತದೆ. ಕಣ್ಣೀರಿನ ಸಂಸಾರದ ಚಿತ್ರಗಳು ಸೊಸೆಯ ಕಷ್ಟವನ್ನು ಎಷ್ಟೋ ಸಲ ತೋರಿಸಿದ್ದಾವೆ, ಆದರೆ ಹೀಗೆ ಯಾವುದೂ ನೆನಪಿನಲ್ಲಿ ಉಳಿದಿಲ್ಲ. ನಾವು 'ಚೀಪ್' ಎಂದು ತಳ್ಳಿಹಾಕುವ ಸಿನಿಮಾಗಳಲ್ಲಿ ಒಮ್ಮೊಮ್ಮೆ ಹೀಗೊಂದು ಸಿಕ್ಕಿಬಿಡುತ್ತದೆ. ವಿಠಲಾಚಾರ್ಯರು ಅದನ್ನು ಹಾಗೆ ಯೋಚಿಸಿ ತೆಗೆದರೋ, ಬರೀ ಹೆದರಿಸಲು ತೆಗೆದರೋ, ಬೇರೆ ಮಾತು. 2009ರಲ್ಲಿ ತಮಿಳಿನಲ್ಲಿ ನಮಿತಾ ಅವರನ್ನು ಹಾಕಿ ಇನ್ನೊಂದು 'ಜಗನ್ಮೋಹಿನಿ' ಬಂತು. ಅದನ್ನು ನಾನು ಅರ್ಧಕ್ಕೆ ನಿಲ್ಲಿಸಿದೆ, ಹೆಚ್ಚು ಹೇಳುವುದಿಲ್ಲ.

ಹೊರಗಿನ ಒಂದು ಉದಾಹರಣೆ ಕೊಟ್ಟು ಮತ್ತೆ ಹರಿಣಿಯವರಿಗೆ ಬರುತ್ತೇನೆ. ಮುಂಬೈಯಲ್ಲಿ 1935ರಲ್ಲಿ 'ಹಂಟರ್‌ವಾಲಿ' ಬಂತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ ಮೇರಿ ಆ್ಯನ್ ಇವಾನ್ಸ್ ಎಂಬಾಕೆ ನಾಡಿಯಾ ಎಂಬ ಹೆಸರಿನಲ್ಲಿ ಚಾಟಿ ಹಿಡಿದು, ಕುದುರೆ ಏರಿ, ಗಂಡಸರನ್ನು ಎತ್ತಿ ಒಗೆಯುತ್ತಿದ್ದರು. ಎರಡು ವರ್ಷದ ಮೇಲೆ ತಮಿಳಿನಲ್ಲಿ ಕೆ.ಟಿ. ರುಕ್ಮಿಣಿ 'ಮಿನ್ನಲ್ ಕೊಡಿ'ಯಲ್ಲಿ ಅದೇ ಥರದ ಸಾಹಸ ಮಾಡಿದರು. ನಾಡಿಯಾ ಅವರನ್ನೂ ಜನ ಬಹಳ ಕಾಲ ಮರೆತಿದ್ದರು. 1993ರಲ್ಲಿ ಅವರ ಕುಟುಂಬದ ಹುಡುಗ ರಿಯಾದ್ ವಾಡಿಯಾ ಒಂದು ಸಾಕ್ಷ್ಯಚಿತ್ರ ಮಾಡಿದ ಮೇಲೆ ಪುಸ್ತಕ ಬಂತು, ಪ್ರದರ್ಶನಗಳಾದವು, ವಿಶ್ವವಿದ್ಯಾಲಯಗಳಲ್ಲಿ ಓದುವಂತಾಯಿತು. ನೋಡಲು ಕೂತವರೊಬ್ಬರು ಇದ್ದರೆ ಸಾಕು, ಇಷ್ಟೆಲ್ಲ ಆಗುತ್ತದೆ. ರುಕ್ಮಿಣಿಯವರಿಗೆ ಅಷ್ಟು ಆಗಲಿಲ್ಲ.

ಈಗ ಹರಿಣಿ. ಉಡುಪಿಯವರು. ಸಹೋದರರು ವಾದಿರಾಜ್ ಮತ್ತು ಜವಾಹರ್, ಇಬ್ಬರೂ ಮುಂದೆ ನಿರ್ಮಾಪಕರಾದರು. ವಾದಿರಾಜ್ ನಟರೂ ಹೌದು. 'ಜಗನ್ಮೋಹಿನಿ'ಯ ಗದ್ದಲದ ನಂತರ ಹನ್ನೆರಡು ಹದಿಮೂರು ವರ್ಷಕ್ಕೆ ಈ ಮನೆಯವರು ತೆಗೆದ ಎರಡು ಚಿತ್ರಗಳ ಹೆಸರು ನಿಮಗೆಲ್ಲ ಗೊತ್ತು: 1963ರ 'ನಂದಾದೀಪ', 1964ರ 'ನಾಂದಿ'. ಎರಡರಲ್ಲೂ ರಾಜ್‌ಕುಮಾರ್, ಎರಡರಲ್ಲೂ ಹರಿಣಿ. ಎಂ.ಆರ್. ವಿಠಲ್ ನಿರ್ದೇಶಿಸಿದ 'ನಂದಾದೀಪ'ಕ್ಕೆ ರಾಷ್ಟ್ರಮಟ್ಟದ ಮನ್ನಣೆ ಬಂತು. 1967ರಲ್ಲಿ 'ಸತಿ ಸುಕನ್ಯ'ದಲ್ಲಿ ಹರಿಣಿ ರಾಜ್‌ಕುಮಾರ್ ಎದುರು ಪೌರಾಣಿಕ ಪಾತ್ರವನ್ನೂ ಮಾಡಿದರು. ಆದರೆ ನಾನು ನಿಮ್ಮ ಮುಂದೆ ಇಡಬೇಕಾದದ್ದು 'ನಾಂದಿ'.

ಎನ್. ಲಕ್ಷ್ಮೀನಾರಾಯಣ್ ಅವರ ಮೊದಲ ಚಿತ್ರ ಅದು. ರಾಜ್‌ಕುಮಾರ್ ಅಂದರೆ ಕತ್ತಿ, ಕಿರೀಟ, ಭಕ್ತಿ ಎನ್ನುವ ಕಾಲದಲ್ಲಿ ಅವರಿಗೆ ಸಾಧಾರಣ ಬಟ್ಟೆ ತೊಡಿಸಿ ಶಾಲಾ ಮಾಸ್ತರನ್ನಾಗಿ ಮಾಡಿದರು. ಮೊದಲ ಹೆಂಡತಿ ಕಲ್ಪನಾ, ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ. ಮಾಸ್ತರು ಎರಡನೆಯ ಮದುವೆಯಾಗುವುದು ಕಿವಿ ಕೇಳದ, ಮಾತು ಬಾರದ ಹುಡುಗಿಯನ್ನು. ಅವಳೇ ಹರಿಣಿ. ಹಿಂದಿಯಲ್ಲಿ ಸಂಜೀವ್ ಕುಮಾರ್, ಜಯಾ ಭಾದುರಿ ಅವರ 'ಕೋಶಿಶ್' ಬಂದದ್ದು 1972ರಲ್ಲಿ, ಇದಕ್ಕಿಂತ ಎಂಟು ವರ್ಷದ ಮೇಲೆ.

ನಾನು 'ನಾಂದಿ'ಯನ್ನು ಮೂರು ಕಂತಿನಲ್ಲಿ ವ್ಯಾನಿನಲ್ಲೇ ನೋಡಿದೆ. ಎರಡನೆಯ ದಿನ ಹೆಡ್‌ಫೋನ್‌ನ ಚಾರ್ಜ್ ಮುಗಿದುಹೋಯಿತು. ಸದ್ದಿಲ್ಲದೆಯೇ ನೋಡುತ್ತಾ ಹೋದೆ. ಉಳಿದವರ ತುಟಿ ಅಲ್ಲಾಡುತ್ತಿತ್ತು, ಏನು ಹೇಳುತ್ತಿದ್ದಾರೆ ಎಂದು ಗೊತ್ತಾಗುತ್ತಿರಲಿಲ್ಲ. ಹರಿಣಿಯವರು ಮಾತ್ರ ಪೂರ್ತಿ ಅರ್ಥವಾಗುತ್ತಿದ್ದರು. ಕಂಪನಿ ನಾಟಕದ ಉದ್ದುದ್ದ ಡೈಲಾಗಿನ ರೂಢಿ ಇನ್ನೂ ಹೋಗಿರದ ಕಾಲ. ಹಾಗಿರುವಾಗ ಆಕೆಗೆ ಒಂದು ಮಾತೂ ಇಲ್ಲ. ಬರೀ ಮಾತಿಲ್ಲದಿದ್ದರೆ ಸಾಲದು, ಕಿವಿಯೂ ಇಲ್ಲ ಎಂದು ನಟಿಸಬೇಕು. ಬೆನ್ನ ಹಿಂದೆ ಪಾತ್ರೆ ಬಿದ್ದರೆ ರೆಪ್ಪೆ ಬಡಿಯಬಾರದು. ಯಾರಾದರೂ ಮಾತಾಡಿದರೆ ಅವರ ಕಣ್ಣನ್ನಲ್ಲ, ಬಾಯನ್ನು ನೋಡಬೇಕು. ನೀವು ಮನೆಯಲ್ಲಿ ಐದು ನಿಮಿಷ ಮಾಡಿ ನೋಡಿ. ಮಗು ಅಮ್ಮಾ ಎಂದು ಕೂಗಿದರೆ ತಿರುಗದೆ ಇರಲು ನಮ್ಮ ಕೈಯಲ್ಲಿ ಆಗುತ್ತದೆಯೇ?

ಹದಿಮೂರು ವರ್ಷ ಹಿಂದೆ ಒಂದು ರಾಜ್ಯವೇ ತನ್ನ ಮೈ ನೋಡಿ ಗುಸುಗುಸು ಮಾತಾಡಿದ್ದನ್ನು ಕೇಳಿಸಿಕೊಂಡ ಹೆಂಗಸು, ಈಗ ಏನೂ ಕೇಳಿಸದವಳಾಗಿ ಕ್ಯಾಮೆರಾ ಮುಂದೆ ನಿಂತಿದ್ದಾರೆ ಎಂದು ನನಗೆ ಅನ್ನಿಸಿತು. ಇದು ನನ್ನ ಅನ್ನಿಸಿಕೆ, ಹರಿಣಿಯವರು ಹಾಗೆ ಹೇಳಿದ್ದನ್ನು ಓದಿಲ್ಲ. ಆಕೆಗೆ ಅದು ಇನ್ನೊಂದು ಒಳ್ಳೆಯ ಪಾತ್ರ ಅಷ್ಟೇ ಆಗಿದ್ದಿರಬಹುದು. ಈಜುಡುಗೆಯೂ ಕೂಡ ಬರೀ ಒಂದು ದಿನದ ಶೂಟಿಂಗ್ ಆಗಿರಬಹುದು. ಅದನ್ನು ಎಪ್ಪತ್ತು ವರ್ಷ ಹೊತ್ತುಕೊಂಡು ತಿರುಗಿದ್ದು ನಾವು.

'ನಾಂದಿ'ಯ ಬಗ್ಗೆ ಬರೆಯುವವರು ರಾಜ್‌ಕುಮಾರ್ ಬಗ್ಗೆ ಬರೆಯುತ್ತಾರೆ, ಲಕ್ಷ್ಮೀನಾರಾಯಣ್ ಬಗ್ಗೆ, ವಿಜಯಭಾಸ್ಕರ್ ಸಂಗೀತದ ಬಗ್ಗೆ, ಕಲ್ಪನಾ ಬಗ್ಗೆ ಬರೆಯುತ್ತಾರೆ. ಎಲ್ಲವೂ ಸರಿಯೇ. ಕೊನೆಗೆ ಹರಿಣಿಯವರಿಗೆ ಅರ್ಧ ಸಾಲು. ಹರಿಣಿ ಎಂದು ಬೇರೆಯಾಗಿ ಹುಡುಕಿದರೆ ಮತ್ತೆ ಅದೇ ಈಜುಡುಗೆ.

ಈಗ ಹೇಳಬೇಕಾದ ಇನ್ನೊಂದು ವಿಷಯ ಇದೆ. ಇದನ್ನು ಬರೆದುಕೊಂಡು ಬಂದಿದ್ದೇನೆ, ಇಲ್ಲದಿದ್ದರೆ ಹೇಳದೆ ಬಿಟ್ಟುಬಿಡುತ್ತೇನೆ ಎಂಬ ಭಯಕ್ಕೆ.

ಹಿಂದೊಮ್ಮೆ ಒಂದು ಕಾರ್ಯಕ್ರಮದಲ್ಲಿ ನಮಗೆ ಗೊತ್ತಿರುವವರ ಮಗಳು, ಹನ್ನೊಂದನೇ ಕ್ಲಾಸು, ಒಂದು ಸಿನಿಮಾ ಹಾಡಿಗೆ ಡಾನ್ಸ್ ಮಾಡಿದಳು. ಬಹಳ ಚೆನ್ನಾಗಿ ಮಾಡಿದಳು. ನಡುವೆ ಕರೆಂಟ್ ಹೋಗಿ ಹಾಡು ನಿಂತರೂ ತಾಳ ಬಿಡದೆ ಹಾಡು ಮತ್ತೆ ಬರುವ ತನಕ ಕುಣಿಯುತ್ತಲೇ ಇದ್ದಳು. ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಡಾನ್ಸಿನ ಬಗ್ಗೆ ಒಬ್ಬರೂ ಬರೆಯಲಿಲ್ಲ. ಬ್ಲೌಸಿನ ಬೆನ್ನಿನ ಬಗ್ಗೆ ಬರೆದರು. 'ನಮ್ಮ ಸಂಸ್ಕೃತಿ' ಎಂದು ಶುರುವಾಗುವ ಒಂದು ಉದ್ದನೆಯ ಮೆಸೇಜ್ ಬಂತು. ಅದಕ್ಕೆ ಹೆಬ್ಬೆರಳು ಒತ್ತಿದವರಲ್ಲಿ ನಾನೂ ಒಬ್ಬಳು. ಯೋಚನೆ ಮಾಡಿ ಒತ್ತಿದ್ದಲ್ಲ. ರಾತ್ರಿ ಹತ್ತೂವರೆ, ಪಾತ್ರೆ ತೊಳೆದು ಬಂದು ಕೂತಿದ್ದೆ, ಹಿರಿಯರು ಬರೆದಿದ್ದಾರೆ, ಒತ್ತಿದೆ. ಆ ಹುಡುಗಿ ಆಮೇಲೆ ಯಾವ ಕಾರ್ಯಕ್ರಮಕ್ಕೂ ಡಾನ್ಸ್ ಮಾಡಲಿಲ್ಲ. ಓದು ಜಾಸ್ತಿ ಎಂದು ಅವಳ ಅಮ್ಮ ಹೇಳುತ್ತಾರೆ. ಓದು ಜಾಸ್ತಿಯೇ ಇರಬಹುದು.

ನಮ್ಮಜ್ಜ ಸಿನಿಮಾ ನೋಡಿ ಬಂದು ಅಜ್ಜಿಗೆ ಸೆರಗು ಎಳೆದುಕೋ ಎಂದ ಕತೆಯನ್ನು ನಾನು ಆಫೀಸಿನಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಹರಿಣಿಯವರ ಆ ಒಂದು ಸಾಲು ಓದುತ್ತಾ ವ್ಯಾನಿನಲ್ಲಿ ಕೂತಿದ್ದಾಗ ಆ ಹೆಬ್ಬೆರಳು ನೆನಪಾಯಿತು. ಆಮೇಲೆ ಅಜ್ಜನ ಕತೆ ಹೇಳುವುದನ್ನು ಬಿಟ್ಟೆ. ಇವತ್ತು ಹೇಳಿದ್ದೇ ಮತ್ತೆ.

ಆ ತಾಯಿ ಇವತ್ತು ಇಲ್ಲಿ ಬಂದಿದ್ದಾರೆ. ಕಳೆದ ವಾರ ಅವರ ಮನೆಗೆ ಹೋಗಿದ್ದೆ. ಅವರು ಕಾಫಿ ಕೊಟ್ಟರು, "ಅದೆಲ್ಲ ಮರೆತುಹೋಯ್ತು ಬಿಡಿ" ಎಂದರು. ಮಗಳು ರೂಮಿನಲ್ಲಿ ಓದುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದೆ. ಅವಳು, "ಆಂಟಿ, ಯಾರ್ಯಾರು ಲೈಕ್ ಮಾಡಿದ್ದಾರೆ ಅಂತ ನನಗೆ ಲಿಸ್ಟ್ ನೆನಪಿದೆ" ಎಂದಳು. ಸಿಟ್ಟಿನಿಂದಲ್ಲ, ಸುಮ್ಮನೆ. ನನಗೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಕರೆಂಟ್ ಹೋದಾಗ ತಾಳ ಹೇಗೆ ಹಿಡಿದೆ ಎಂದು ಕೇಳಿದೆ. ಅವಳು ಪುಸ್ತಕ ಮುಚ್ಚಿದಳು. ಮನಸ್ಸಿನಲ್ಲೇ ಎಂಟೆಂಟು ಎಣಿಸುತ್ತಾ ಇರಬೇಕು, ಹಾಡು ಬಂದಾಗ ಎಲ್ಲಿಗೆ ಬಂದಿದೆ ಎಂದು ನೋಡಿ ಅರ್ಧ ಹೆಜ್ಜೆ ಕದ್ದು ಸೇರಿಕೊಳ್ಳಬೇಕು ಎಂದು ಎದ್ದು ನಿಂತು ತೋರಿಸಿದಳು. ಮಂಚಕ್ಕೂ ಮೇಜಿಗೂ ನಡುವೆ ಇದ್ದ ಅಷ್ಟೇ ಜಾಗದಲ್ಲಿ.

ಸಮಯ ಮೀರಿದೆ, ಅಕ್ಕ ಗಡಿಯಾರ ತೋರಿಸುತ್ತಿದ್ದಾರೆ. ಎರಡು ವಿನಂತಿ ಇದೆ. ನಿಮ್ಮಲ್ಲಿ ಹಲವರ ಮನೆಯವರು ಮದರಾಸಿನಲ್ಲಿ ಕನ್ನಡ ಸಿನಿಮಾಗಳು ತಯಾರಾಗುತ್ತಿದ್ದ ಕಾಲದಿಂದ ಇಲ್ಲಿದ್ದಾರೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೇ ಸಿನಿಮಾ ಪತ್ರಿಕೆ, ಹಾಡಿನ ಪುಸ್ತಕ, ಸ್ಟುಡಿಯೋದ ಫೋಟೋ ಏನಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕುವ ಮೊದಲು ನನಗೆ ಒಂದು ಮಾತು ಹೇಳಿ. ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತೇನೆ. ಹರಿಣಿಯವರದೇ ಆಗಬೇಕೆಂದಿಲ್ಲ, ಹೆಸರು ಗೊತ್ತಿಲ್ಲದ ಯಾವ ನಟಿಯದಾದರೂ ಸರಿ. ಎರಡನೆಯದು, ಮುಂದಿನ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಮನೆಯಲ್ಲಿ 'ನಾಂದಿ' ಹಾಕುತ್ತೇನೆ. ಟಿವಿ ದೊಡ್ಡದೇ ಇದೆ, ಹದಿನೈದು ಜನ ಕೂರಬಹುದು, ಇನ್ನೂ ಬಂದರೆ ನೆಲದ ಮೇಲೆ ಜಮಖಾನೆ ಹಾಸುತ್ತೇನೆ. ಪಕ್ಕದ ಮನೆಯ ತಮಿಳು ಅಕ್ಕನೂ ಬರುತ್ತಾರೆ. ಅವರಿಗೆ ಕನ್ನಡ ಬರುವುದಿಲ್ಲ, ಹರಿಣಿಯವರ ಪಾತ್ರಕ್ಕೆ ಅದು ಬೇಕಾಗಿಯೂ ಇಲ್ಲ. ಬೋಂಡಾ ನನ್ನದು, ಕಾಫಿಗೆ ಹಾಲು ಯಾರಾದರೂ ತನ್ನಿ.